ಕರ್ನಾಟಕದ ರಣಭೂಮಿಗಳನ್ನೂ ಸೇನಾ ಸಂಗ್ರಹಾಲಯಗಳನ್ನೂ ನೋಡುವ ಕ್ರಮ: ಸಮಗ್ರ ಮಾರ್ಗದರ್ಶಿ

ಶ್ರೀರಂಗಪಟ್ಟಣಕ್ಕೆ ಹೋಗಿ ಬಂದವರನ್ನು ನಾನು ಕೇಳುವ ಪ್ರಶ್ನೆ ಒಂದೇ: 1799ರ ಮೇ 4ರಂದು ಶತ್ರು ಸೈನ್ಯ ಕೋಟೆಗೆ ನುಗ್ಗಿದ್ದು ಯಾವ ದಿಕ್ಕಿನಿಂದ? ಬಹುತೇಕರು ಸುಮ್ಮನಾಗುತ್ತಾರೆ. ರಂಗನಾಥನ ದರ್ಶನ ಆಗಿರುತ್ತದೆ, ಗುಂಬಜ್ ಮುಂದೆ ಫೋಟೋ ಆಗಿರುತ್ತದೆ, ಟಿಪ್ಪು ಬಿದ್ದ ಜಾಗದ ಫಲಕವನ್ನು ಓದಿರುತ್ತಾರೆ. ಆದರೆ ಯುದ್ಧ ಹೇಗೆ ನಡೆಯಿತು ಎಂಬುದು ಕಣ್ಣಿಗೆ ಕಟ್ಟಿರುವುದಿಲ್ಲ. ತಾಳಿಕೋಟೆಗೆ ಹೋದವರ ಪಾಡು ಇನ್ನೂ ಕಷ್ಟದ್ದು. ಊರಿನ ಬಸ್ ನಿಲ್ದಾಣದಲ್ಲಿ ಇಳಿದು ಯುದ್ಧಭೂಮಿ ಎಲ್ಲಿ ಎಂದು ವಿಚಾರಿಸಿ, ಬರಿಗೈಯಲ್ಲಿ ಮರಳುತ್ತಾರೆ.

ತಪ್ಪು ಅವರ ಆಸಕ್ತಿಯದ್ದಲ್ಲ, ನೋಡಿದ ಕ್ರಮದ್ದು. ದೇವಸ್ಥಾನವನ್ನೋ ಅರಮನೆಯನ್ನೋ ಯಾವ ಬಾಗಿಲಿನಿಂದ ಹೊಕ್ಕು ನೋಡಿದರೂ ನಡೆಯುತ್ತದೆ. ರಣಭೂಮಿಯಲ್ಲಿ ಹಾಗಾಗದು. ಅಲ್ಲಿ ದಿಕ್ಕು, ನೀರು, ಎತ್ತರ, ಹೊತ್ತು ಎಂಬ ನಾಲ್ಕು ಸಂಗತಿಗಳನ್ನು ಹಿಡಿದುಕೊಂಡು, ಯುದ್ಧ ನಡೆದ ಅನುಕ್ರಮದಲ್ಲಿಯೇ ನಡೆಯಬೇಕು. ಕೆಳಗಿನ ಹಂತಗಳನ್ನು ಆ ದೃಷ್ಟಿಯಿಂದ ಜೋಡಿಸಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಹಂತ 1: ಊರನ್ನಲ್ಲ, ಒಂದು ಕಾಳಗವನ್ನು ಆರಿಸಿಕೊಳ್ಳಿ

"ಈ ಸಲ ಶ್ರೀರಂಗಪಟ್ಟಣ" ಎಂದು ಹೊರಡುವುದೇ ಮೊದಲ ತಪ್ಪು. ಶ್ರೀರಂಗಪಟ್ಟಣದಲ್ಲಿ ಕನಿಷ್ಠ ಎರಡು ದೊಡ್ಡ ಮುತ್ತಿಗೆಗಳು ಒಂದರ ಮೇಲೊಂದು ಕುಳಿತಿವೆ. 1792ರ ಫೆಬ್ರವರಿ 6ರ ರಾತ್ರಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆ ದಾಳಿಗಿಳಿದದ್ದು ಉತ್ತರದ ಕಡೆಯಿಂದ, ಮುಳ್ಳುಬೇಲಿಯ ಕಾವಲನ್ನು ಭೇದಿಸಿಕೊಂಡು. 1799ರಲ್ಲಿ ಬ್ರಿಟಿಷ್ ಜನರಲ್ ಹ್ಯಾರಿಸನ ಸೈನ್ಯ ಬೀಡುಬಿಟ್ಟದ್ದು ಪಶ್ಚಿಮದ ಕಡೆಯಲ್ಲಿ. ಗೋಡೆ ಒಡೆದದ್ದು ಕೋಟೆಯ ವಾಯವ್ಯ ಮೂಲೆಯ ಹತ್ತಿರ, ಒಳನುಗ್ಗಿದ್ದು ಹಗಲು ಒಂದು ಗಂಟೆಯ ಸುಮಾರಿಗೆ. ಎರಡನ್ನೂ ಒಂದೇ ದಿನ ಬೆರೆಸಿದರೆ ಎರಡೂ ಅರ್ಥವಾಗುವುದಿಲ್ಲ.

ಒಂದು ಪ್ರವಾಸಕ್ಕೆ ಒಂದೇ ಕಾಳಗ ಎಂಬ ನಿಯಮ ಇಟ್ಟುಕೊಳ್ಳಿ. ಮೊದಲ ಬಾರಿ ಹೋಗುವವರಿಗೆ ನನ್ನ ಸಲಹೆ 1799ರ ಶ್ರೀರಂಗಪಟ್ಟಣ. ಗೋಡೆ ಉಳಿದಿದೆ, ನದಿ ಉಳಿದಿದೆ, ಕಾಲ್ನಡಿಗೆಯಲ್ಲಿ ಮುಗಿಸಬಹುದಾದಷ್ಟು ಚಿಕ್ಕ ಜಾಗ, ರೈಲು ನಿಲ್ದಾಣವೂ ಕೋಟೆಗೆ ಅಂಟಿಕೊಂಡಿದೆ. ಅದು ಕೈಗೆ ಹತ್ತಿದ ಮೇಲೆ ರಾಯಚೂರು, ರಕ್ಕಸಗಿ–ತಂಗಡಗಿ (ತಾಳಿಕೋಟೆ ಕಾಳಗದ ಬಯಲು), ಕಿತ್ತೂರು ಇವುಗಳಿಗೆ ಹೋಗಿ.

ಹಂತ 2: ಹೊರಡುವ ಮುನ್ನ ಒಂದು ಹಾಳೆ ಸಿದ್ಧಮಾಡಿ

ಒಂದೇ ಹಾಳೆ ಸಾಕು. ಹೆಚ್ಚಾದರೆ ಬಿಸಿಲಲ್ಲಿ ಯಾರೂ ಓದುವುದಿಲ್ಲ. ಅದರಲ್ಲಿ ಇರಬೇಕಾದವು ಇಷ್ಟು:

1. ಕಾಳಗದ ದಿನಾಂಕ, ಸಾಧ್ಯವಾದರೆ ಗಂಟೆ.
2. ದಾಳಿ ಮಾಡಿದವರು ನಿಂತ ಕಡೆ, ಕಾವಲಿದ್ದವರು ನಿಂತ ಕಡೆ.
3. ನಡುವೆ ಇದ್ದ ಅಡ್ಡಿ: ನದಿ, ಕಂದಕ, ಬೇಲಿ, ಬಂಡೆ.
4. ಅಂದಿನಿಂದ ಇಂದಿಗೆ ನೆಲದಲ್ಲಿ ಆಗಿರುವ ಬದಲಾವಣೆ.

ನಾಲ್ಕನೆಯದನ್ನು ಬಿಟ್ಟವರು ಸ್ಥಳದಲ್ಲಿ ದಾರಿ ತಪ್ಪುತ್ತಾರೆ. ಶ್ರೀರಂಗಪಟ್ಟಣದ ಉದಾಹರಣೆಯನ್ನೇ ನೋಡಿ. ಕನ್ನಂಬಾಡಿ ಕಟ್ಟೆ ಆಗ ಇರಲಿಲ್ಲ, ಆದ್ದರಿಂದ ಇಂದಿನ ನೀರಿನ ಮಟ್ಟ ಅಂದಿನದಲ್ಲ. ರೈಲು ಹಳಿ ಕೋಟೆಯೊಳಗೇ ಹಾದುಹೋಗುತ್ತದೆ. ಹಳಿ ಜೋಡಿಮಾರ್ಗವಾಗುವಾಗ ಅಡ್ಡ ಬಂದ ಒಂದು ಮದ್ದಿನ ಮನೆಯನ್ನು 2017ರಲ್ಲಿ ಕಟ್ಟಡ ಕಟ್ಟಡವಾಗಿಯೇ ಎತ್ತಿ ನೂರು ಮೀಟರಿಗೂ ಆಚೆ ಕೂರಿಸಿದ್ದಾರೆ. ಅದರ ಮುಂದೆ ನಿಂತು "ಮದ್ದನ್ನು ಇಲ್ಲೇಕೆ ಇಟ್ಟಿದ್ದರು?" ಎಂದು ಯೋಚಿಸಿ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಅವರು ಅದನ್ನು ಅಲ್ಲಿ ಇಟ್ಟಿರಲೇ ಇಲ್ಲ.

ನಕ್ಷೆಗೆ ಮೊಬೈಲನ್ನು ಮಾತ್ರ ನಂಬಬೇಡಿ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳು ಅದರ ಜಾಲತಾಣದಲ್ಲಿ ನೋಂದಾಯಿಸಿಕೊಂಡವರಿಗೆ ಉಚಿತವಾಗಿ ಸಿಗುತ್ತವೆ. ನಿಮಗೆ ಬೇಕಾದ ಹಾಳೆಯನ್ನು ಇಳಿಸಿಕೊಂಡು ಮುದ್ರಿಸಿ, ದಾಳಿಯ ದಾರಿಯನ್ನು ಕೆಂಪು ಪೆನ್ಸಿಲಿನಲ್ಲಿ ಎಳೆಯಿರಿ. ಹಳೆಯ ಮುತ್ತಿಗೆ ನಕ್ಷೆ ಸಿಕ್ಕರೆ ಮೊದಲು ಉತ್ತರ ದಿಕ್ಕಿನ ಬಾಣದ ಗುರುತನ್ನು ಹುಡುಕಿ. ಹಳೆಯ ನಕ್ಷೆಗಳಲ್ಲಿ ಉತ್ತರ ಯಾವಾಗಲೂ ಮೇಲ್ಗಡೆ ಇರುವುದಿಲ್ಲ. ನದಿ ಉಲ್ಟಾ ಹರಿಯುತ್ತಿರುವಂತೆ ಕಂಡರೆ ಹಾಳೆಯನ್ನು ತಿರುಗಿಸಿ ನೋಡಿ.

ಹಂತ 3: ತಿಂಗಳು ಮತ್ತು ವಾರ ನೋಡಿ ದಿನ ಗೊತ್ತುಮಾಡಿ

ತಿಂಗಳ ಆಯ್ಕೆ ಹವಾಮಾನದ ಮಾತು ಮಾತ್ರವಲ್ಲ. ಮೇ ತಿಂಗಳಲ್ಲಿ ಕಾವೇರಿ ಇಳಿದಿದ್ದ ಕಾರಣಕ್ಕೇ ಸೈನ್ಯ ಬಂಡೆಗಳ ಮೇಲೆ ಹಾಯ್ದು ಬರಲು ಸಾಧ್ಯವಾಯಿತು. ಮುಂಗಾರು ಹಿಡಿದು ನದಿ ತುಂಬಿದ್ದರೆ ಮುತ್ತಿಗೆ ಹಾಕಿದವರ ಲೆಕ್ಕವೇ ತಲೆಕೆಳಗಾಗುತ್ತಿತ್ತು. ಆಗಸ್ಟಿನಲ್ಲಿ ಹೋಗಿ ಕೆಂಪು ನೀರು ಭೋರ್ಗರೆಯುವುದನ್ನು ನೋಡಿದವರಿಗೆ "ಇದನ್ನು ಯಾರು ದಾಟಿಯಾರು?" ಎನಿಸುವುದು ಸಹಜ. ಹಾಗಾಗಿ ಶ್ರೀರಂಗಪಟ್ಟಣಕ್ಕೆ ಫೆಬ್ರವರಿಯಿಂದ ಮೇ ಮೊದಲ ವಾರದವರೆಗೆ, ಬೆಳಗಿನ ಹೊತ್ತು ಹೋಗಿ. ರಕ್ಕಸಗಿ–ತಂಗಡಗಿ ಕಾಳಗ ನಡೆದದ್ದು 1565ರ ಜನವರಿ 23ರಂದು. ಆ ಬಯಲಿಗೆ ಡಿಸೆಂಬರ್, ಜನವರಿ ಒಳ್ಳೆಯದು. ಮಳೆಗಾಲದಲ್ಲಿ ಅಲ್ಲಿಯ ಎರೆಮಣ್ಣು ಕಾಲನ್ನೂ ಬಿಡುವುದಿಲ್ಲ, ಗಾಲಿಯನ್ನೂ ಬಿಡುವುದಿಲ್ಲ. ರಾಯಚೂರಿನ ಕಾಳಗ ಮೇ ತಿಂಗಳದ್ದಾದರೂ (1520) ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿ ಎಂದು ನಾನು ಹೇಳಲಾರೆ. ಆ ಬಿಸಿಲು ಪ್ರಾಣಕ್ಕೆ ಎರವಾಗಬಹುದು.

ಇನ್ನು ವಾರ. ಕೇಂದ್ರ ಪುರಾತತ್ವ ಇಲಾಖೆಯ ಸ್ಥಳ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ರಾಜ್ಯ ಸರ್ಕಾರದ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಶುಕ್ರವಾರ ವಿಜಯಪುರ, ಸೋಮವಾರ ಶಿವಮೊಗ್ಗ ಎಂದು ಯೋಜನೆ ಹಾಕಿದವರು ಎರಡು ಬೀಗ ನೋಡಿ ಬಂದಿದ್ದಾರೆ. ಸಾರ್ವಜನಿಕ ರಜೆಯ ನಿಯಮ ಬೇರೆಯೇ ಇರುತ್ತದೆ. ದುರಸ್ತಿಗೆಂದು ಕೊಠಡಿಗಳನ್ನು ಮುಚ್ಚುವುದೂ ಉಂಟು. ಹಿಂದಿನ ದಿನ ಫೋನ್ ಮಾಡಿ, "ನಾಳೆ ತೆರೆದಿದೆಯೇ?" ಎಂದಷ್ಟೇ ಕೇಳದೆ "ಆಯುಧಗಳ ಕೊಠಡಿ ನಾಳೆ ತೆರೆದಿದೆಯೇ?" ಎಂದು ಕೇಳಿ. ಈ ಎರಡು ಪ್ರಶ್ನೆಗಳಿಗೆ ಬರುವ ಉತ್ತರ ಬೇರೆಬೇರೆ ಆಗಿರಬಹುದು.

ಹಂತ 4: ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಹಿಡಿತವಿರುವ ಅಡಿಯ ಬೂಟು, ಬಂದೀಖಾನೆ ಮತ್ತು ಸುರಂಗದಂಥ ಜಾಗಗಳಿಗೆ ಟಾರ್ಚ್, ಅಳತೆ ಟೇಪು, ನೋಟ್‌ಬುಕ್, ಪೆನ್ಸಿಲ್. ಒಂದು ಜೊತೆ ದೂರದರ್ಶಕವಿದ್ದರೆ ಗುಂಪಿಗೆಲ್ಲ ಸಾಕು. ಸೈನ್ಯದ ಆವರಣದೊಳಗಿನ ಸಂಗ್ರಹಾಲಯಕ್ಕೆ ಹೋಗುವುದಾದರೆ ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯ. ಟಿಕೆಟ್‌ಗೆ ಚಿಲ್ಲರೆ ಇಟ್ಟುಕೊಳ್ಳಿ, ಕೋಟೆಯ ದಪ್ಪ ಗೋಡೆಗಳ ನಡುವೆ ಮೊಬೈಲ್ ಪಾವತಿ ಕೈಕೊಡುವುದು ಹೊಸದಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ದಿಕ್ಸೂಚಿಯ ಬಗ್ಗೆ ಒಂದು ಎಚ್ಚರಿಕೆ. ಮೊಬೈಲ್ ದಿಕ್ಸೂಚಿಯನ್ನು ಕಬ್ಬಿಣದ ಫಿರಂಗಿಯ ಪಕ್ಕದಲ್ಲಿ ಹಿಡಿದರೆ ಮುಳ್ಳು ತಪ್ಪು ದಿಕ್ಕು ತೋರಿಸುತ್ತದೆ. ಹತ್ತಾರು ಹೆಜ್ಜೆ ದೂರ ಸರಿದು ನೋಡಿ, ಸೂರ್ಯನಿಗೆ ಹೋಲಿಸಿ ಖಚಿತ ಮಾಡಿಕೊಳ್ಳಿ.

ಹಂತ 5: ಶ್ರೀರಂಗಪಟ್ಟಣ, ದಾಳಿಯ ಕ್ರಮದಲ್ಲಿ

ಇದು ಈ ಮಾರ್ಗದರ್ಶಿಯ ಹೃದಯ. ಒಂದು ಪೂರ್ತಿ ದಿನ ಕೊಡಿ. ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ಹೊಸ ಹೆದ್ದಾರಿ ಊರಿನ ಹೊರಗೇ ಹಾದುಹೋಗುವುದನ್ನು ನೆನಪಿಟ್ಟು, ಹಳೆಯ ರಸ್ತೆಗೆ ಇಳಿಯುವ ತಿರುವನ್ನು ಮೊದಲೇ ಗುರುತಿಸಿಕೊಳ್ಳಿ. ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋಗಳಿಗೆ ಪ್ರವೇಶವಿಲ್ಲ.

1. ಕರಿಘಟ್ಟದ ಮೇಲೆ, ಬೆಳಗ್ಗೆ. ಕೋಟೆಗೆ ಮೊದಲು ಹೋಗಬೇಡಿ. ದ್ವೀಪದ ಪೂರ್ವಕ್ಕಿರುವ ಈ ಬೆಟ್ಟದಿಂದ ನೋಡಿದರೆ ಇಡೀ ದ್ವೀಪ ಅಂಗೈಯಲ್ಲಿದ್ದಂತೆ ಕಾಣುತ್ತದೆ. ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ನೋಟ ತಿಳಿಯಾಗಿರುತ್ತದೆ. ನಕ್ಷೆಯನ್ನು ಹಾಸಿ, ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡುವುದನ್ನು ಗುರುತಿಸಿ. ಕೋಟೆ ಇರುವುದು ದ್ವೀಪದ ಪಶ್ಚಿಮದ ತುದಿಯಲ್ಲಿ, ನಿಮ್ಮಿಂದ ಅತಿ ದೂರದಲ್ಲಿ. 1792ರಲ್ಲಿ ಈ ಬೆಟ್ಟಕ್ಕಾಗಿಯೇ ಒಂದು ಪಡೆ ಬಂದದ್ದು ಏಕೆ ಎಂಬುದು ಇಲ್ಲಿ ನಿಂತರೆ ತಾನಾಗಿ ತಿಳಿಯುತ್ತದೆ.

2. ಸ್ಮಾರಕ ಸ್ತಂಭದ ಬಳಿ, ಪಶ್ಚಿಮ ಗೋಡೆ. ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ 1907ರಲ್ಲಿ ನಿಲ್ಲಿಸಿದ ಕಂಬ ಇದು. ಗೋಡೆ ಒಡೆದ ಜಾಗ ಇದರ ಹತ್ತಿರವೇ ಇದೆ. ಕಂಬಕ್ಕೆ ಬೆನ್ನು ಮಾಡಿ ನದಿಯ ಕಡೆ ತಿರುಗಿ. ಆಚೆ ದಡದ ಕಂದಕಗಳಿಂದ ಎದ್ದು, ಬಂಡೆ ತುಂಬಿದ ನದಿಪಾತ್ರವನ್ನು ಹಾಯ್ದು, ಕುಸಿದ ಗೋಡೆಯ ಕಲ್ಲುಗುಪ್ಪೆಯ ಮೇಲೆ ಹತ್ತಿ ಬರಬೇಕಿತ್ತು. ಹತ್ತಲು ಹಿಡಿದದ್ದು ಕೆಲವೇ ನಿಮಿಷ. ಆಚೆ ದಡದಲ್ಲಿ ಒಂದು ಮರವನ್ನು ಆರಿಸಿಕೊಂಡು, ಅಲ್ಲಿಂದ ಓಡಿ ಬರಲು ಎಷ್ಟು ಹೊತ್ತು ಬೇಕು, ಗೋಡೆಯ ಮೇಲಿನ ಬಂದೂಕಿಗೆ ಎಲ್ಲೆಲ್ಲಿ ಸಿಗುತ್ತಿದ್ದಿರಿ ಎಂದು ಕಣ್ಣಳತೆಯಲ್ಲಿ ಲೆಕ್ಕ ಹಾಕಿ. ಹತ್ತು ನಿಮಿಷವಾದರೂ ಇಲ್ಲಿ ಸುಮ್ಮನೆ ನಿಲ್ಲಿ. ಜನ ಫೋಟೋ ತೆಗೆದು ಎರಡು ನಿಮಿಷದಲ್ಲಿ ಹೊರಡುವ ಜಾಗ ಇದು. ಇಡೀ ದಿನದ ಅರ್ಥ ಇರುವುದೂ ಇಲ್ಲಿಯೇ.

3. ಎರಡು ಗೋಡೆಗಳ ನಡುವಿನ ಕಂದಕ. ಹೊರಗೋಡೆ ಹತ್ತಿದವರಿಗೆ ಎದುರಾದದ್ದು ಒಳಗೋಡೆ, ನಡುವೆ ಆಳವಾದ ಕಂದಕ. ಅಲ್ಲಿಂದ ದಾಳಿ ಎರಡಾಗಿ ಸೀಳಿ, ಒಂದು ತುಕಡಿ ಉತ್ತರದ ಗೋಡೆಗುಂಟ, ಇನ್ನೊಂದು ದಕ್ಷಿಣದ ಗೋಡೆಗುಂಟ ಹೋಯಿತು. ಗಟ್ಟಿ ಪ್ರತಿರೋಧ ಬಂದದ್ದು ಉತ್ತರದಲ್ಲಿ. ನೀವೂ ಉತ್ತರದ ಕಡೆಗೇ ತಿರುಗಿ.

4. ಉತ್ತರದ ಗೋಡೆಗುಂಟ ಪೂರ್ವಕ್ಕೆ. ಗೋಡೆಯ ಮೇಲೆ ಉದ್ದಕ್ಕೂ ನಡೆಯಲಾಗದು. ಮುಳ್ಳುಕಂಟಿ ಬೆಳೆದ ಕಡೆ, ಕಲ್ಲು ಸಡಿಲವಾದ ಕಡೆ ರಸ್ತೆಗೆ ಇಳಿದು ಮುಂದುವರಿಯಿರಿ. ದಾರಿಯಲ್ಲಿ ಕರ್ನಲ್ ಬೈಲಿ ಬಂದೀಖಾನೆ ಸಿಗುತ್ತದೆ. ಕೈದಿಗಳನ್ನು ಕಟ್ಟುತ್ತಿದ್ದ ಕಲ್ಲುಗಳನ್ನು ನೋಡಿ, ನಡುವೆ ಬಿದ್ದಿರುವ ಫಿರಂಗಿ ಮೇಲ್ಛಾವಣಿ ಸೀಳಿಕೊಂಡು ಇಳಿದದ್ದು ಎಂಬುದನ್ನು ಗಮನಿಸಿ. ಬೈಲಿಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮಧ್ಯಾಹ್ನ ಬೇಕಾಗುತ್ತದೆ.

5. ನೀರಬಾಗಿಲು ಮತ್ತು ಟಿಪ್ಪು ಬಿದ್ದ ಜಾಗ. ಊರಿಗೆ ಬಂದವರೆಲ್ಲ ಮೊದಲು ಬರುವುದು ಇಲ್ಲಿಗೆ. ನೀವು ಬರುತ್ತಿರುವುದು ಯುದ್ಧ ಬಂದ ದಾರಿಯಲ್ಲಿ. ಗೋಡೆ ಒಡೆದ ಜಾಗಕ್ಕೂ ಇಲ್ಲಿಗೂ ಇರುವ ದೂರ ಈಗ ನಿಮ್ಮ ಕಾಲಿಗೆ ಗೊತ್ತಿದೆ. ಫಲಕ ಸಣ್ಣದು, ಜಾಗವೂ ಸಣ್ಣದು. ಗದ್ದಲ ಮಾಡದೆ ನಿಲ್ಲಿ.

6. ದಕ್ಷಿಣ ಮತ್ತು ಪೂರ್ವದ ಬಾಗಿಲುಗಳು. ಊಟದ ಮುಂಚೆ ಮೈಸೂರು ಬಾಗಿಲು, ಬೆಂಗಳೂರು ಬಾಗಿಲುಗಳನ್ನು ನೋಡಿ. ಬಾಗಿಲಿನ ಮುಂದಿನ ದಾರಿ ನೇರವಾಗಿದೆಯೇ, ತಿರುವಿದೆಯೇ ಎಂಬುದೊಂದನ್ನೇ ಪರೀಕ್ಷಿಸಿದರೆ ಸಾಕು.

7. ದರಿಯಾ ದೌಲತ್. ಟಿಪ್ಪುವಿನ ಈ ಬೇಸಿಗೆ ಅರಮನೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲು ಎರಡು ಕಾರಣ. ಒಂದು, ಬಿಸಿಲಿನಿಂದ ನೆರಳು. ಎರಡು, ಕೋಟೆಯಲ್ಲಿ ನಡೆದ ಮೇಲೆ ಒಳಗಿನ ಚಿತ್ರಗಳೂ ವಸ್ತುಗಳೂ ಮಾತನಾಡತೊಡಗುತ್ತವೆ. ಪಶ್ಚಿಮ ಗೋಡೆಯ ದೊಡ್ಡ ಯುದ್ಧಚಿತ್ರವನ್ನು ಶ್ರೀರಂಗಪಟ್ಟಣದ ಕಾಳಗವೆಂದು ತಿಳಿಯುವುದು ಇಲ್ಲಿನ ಅತಿ ಸಾಮಾನ್ಯ ತಪ್ಪು. ಅದು 1780ರ ಪೊಳ್ಳಿಲೂರು ಯುದ್ಧ, ನಡೆದದ್ದು ಕಾಂಚೀಪುರದ ಹತ್ತಿರ. ಚೌಕಾಕಾರವಾಗಿ ನಿಂತ ಕೆಂಪಂಗಿಯ ಸೈನಿಕರ ನಡುವೆ ಪಲ್ಲಕ್ಕಿಯಲ್ಲಿ ಕುಳಿತವನನ್ನು ಹುಡುಕಿ. ಅವನೇ ಬೈಲಿ. ಮದ್ದಿನ ಬಂಡಿ ಸಿಡಿಯುತ್ತಿರುವುದನ್ನೂ ಹುಡುಕಿ. ಆ ಯುದ್ಧದಲ್ಲಿ ಸೆರೆಸಿಕ್ಕ ಬೈಲಿ 1782ರಲ್ಲಿ ಸೆರೆಯಲ್ಲಿಯೇ ತೀರಿಕೊಂಡ. ಬೆಳಗ್ಗೆ ನೋಡಿದ ಬಂದೀಖಾನೆಗೂ ಈ ಗೋಡೆಗೂ ನಂಟು ಕೂಡಿತು.

8. ಗುಂಬಜ್, ಕೊನೆಗೆ ಬ್ರಿಟಿಷ್ ಪಡೆಯ ಸ್ಮಶಾನ. ಗುಂಬಜಿನಲ್ಲಿ ಹೈದರ್, ಅವನ ಪತ್ನಿ ಫಾತಿಮಾ, ಟಿಪ್ಪು ಮೂವರ ಸಮಾಧಿಗಳಿವೆ. ಪಾದರಕ್ಷೆ ಹೊರಗೆ ಬಿಡಿ. ನದಿಯ ಬಳಿಯ ಸ್ಮಶಾನಕ್ಕೆ ಹೆಚ್ಚು ಜನ ಹೋಗುವುದಿಲ್ಲ, ಆದರೆ ಬಿಡಬೇಡಿ. ಈಸ್ಟ್ ಇಂಡಿಯಾ ಕಂಪನಿಯ ಕೂಲಿಗೆ ದುಡಿದ ಡಿ ಮ್ಯೂರಾನ್ ಎಂಬ ಸ್ವಿಸ್ ದಳದವರ ಗೋರಿಗಳು ಅಲ್ಲಿವೆ. ಹೆಸರಿನ ಪಕ್ಕದ ವಯಸ್ಸುಗಳನ್ನು ಓದುತ್ತಾ ಹೋಗಿ. ನನ್ನ ಮಟ್ಟಿಗೆ ಆ ದಿನದ ಅತ್ಯಂತ ಭಾರವಾದ ಅರ್ಧ ಗಂಟೆ ಅದು.

ಹಂತ 6: ಏನೂ ಉಳಿದಿಲ್ಲದ ರಣಭೂಮಿಯನ್ನು ನೋಡುವ ಬಗೆ

ತಾಳಿಕೋಟೆ ಕಾಳಗ ಎಂದು ಶಾಲೆಯಲ್ಲಿ ಓದಿದ್ದು ತಾಳಿಕೋಟೆಯಲ್ಲಿ ನಡೆದದ್ದಲ್ಲ. ಸುಲ್ತಾನರ ಸೈನ್ಯಗಳು ಕೂಡಿ ಬೀಡುಬಿಟ್ಟದ್ದು ಅಲ್ಲಿ. ರಕ್ಕಸಗಿ, ತಂಗಡಗಿ ಎಂಬ ಊರುಗಳಿರುವುದು ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯಲ್ಲಿ. ಕಾಳಗದ ನಿಖರ ಬಯಲು ನದಿಯ ದಕ್ಷಿಣಕ್ಕಿತ್ತೆಂದು ವಾದಿಸುವ ಇತಿಹಾಸಕಾರರು ಬನ್ನಿಹಟ್ಟಿಯ ಹೆಸರು ಹೇಳುತ್ತಾರೆ. ಹಾಗಾಗಿ "ಇದೇ ಜಾಗ" ಎಂದು ಯಾರಾದರೂ ಬೆರಳಿಟ್ಟು ತೋರಿಸಿದರೆ ತಕ್ಷಣ ನಂಬಬೇಡಿ.

ಇಲ್ಲಿ ಕೋಟೆ, ಫಿರಂಗಿ, ಟಿಕೆಟ್ ಕಿಟಕಿ ಏನನ್ನೂ ನಿರೀಕ್ಷಿಸದೆ ಹೋಗಿ. ನೋಡಬೇಕಾದದ್ದು ನದಿ ಮತ್ತು ನೆಲ.

1. ತಂಗಡಗಿಯ ನೀಲಾಂಬಿಕೆಯ ಐಕ್ಯಸ್ಥಳದ ಬಳಿ ನದಿಯ ದಂಡೆಗೆ ಬನ್ನಿ. ಕಣ್ಣೆದುರಿನ ಅಗಲವಾದ ನೀರು ನಾರಾಯಣಪುರ ಜಲಾಶಯದ ಹಿನ್ನೀರು. 1565ರ ನದಿ ಇದಕ್ಕಿಂತ ಕಿರಿದು, ಹಾಯುವ ಜಾಗಗಳಿದ್ದವು. ಇಂದು ಅವು ನೀರಿನ ಅಡಿಯಲ್ಲಿವೆ.
2. ದಂಡೆಯಿಂದ ಹಿಂದಕ್ಕೆ ನಡೆದು ಎತ್ತರದ ನೆಲ ಹುಡುಕಿ. ಬಯಲು ಎಷ್ಟು ತೆರೆದಿದೆ ಎಂದು ನೋಡಿ. ಕುದುರೆಗೂ ಫಿರಂಗಿಗೂ ಇಂಥ ನೆಲ ಏಕೆ ಬೇಕೆಂದು ಮಾತಿನಲ್ಲಿ ಹೇಳುವ ಅಗತ್ಯ ಉಳಿಯುವುದಿಲ್ಲ.
3. ನದಿ ದಾಟಿ ದಕ್ಷಿಣದ ಕಡೆಯಿಂದಲೂ ಅದೇ ನೋಟ ನೋಡಿ. ವಿಜಯನಗರದ ಸೈನ್ಯ ಬಂದದ್ದು ಆ ಕಡೆಯಿಂದ.
4. ಹೊಲಗಳಿಗೆ ನುಗ್ಗಬೇಡಿ. ಬದುವಿನ ಮೇಲೆ ನಡೆಯಿರಿ, ಹೊಲದವರನ್ನು ಕೇಳಿ ಮುಂದೆ ಹೋಗಿ. ಜೋಳದ ಬೆಳೆ ನಿಂತ ಕಾಲದಲ್ಲಿ ಹತ್ತು ಜನರ ಗುಂಪು ಒಳಹೊಕ್ಕರೆ ಆಗುವ ನಷ್ಟ ನಿಮಗೆ ಕಾಣುವುದಿಲ್ಲ, ಅವರಿಗೆ ಕಾಣುತ್ತದೆ.

ನೀರು, ಊಟ, ವಾಹನ ಎಲ್ಲವನ್ನೂ ಮುದ್ದೇಬಿಹಾಳದಲ್ಲಿಯೇ ವ್ಯವಸ್ಥೆ ಮಾಡಿಕೊಳ್ಳಿ. ಮರುದಿನ ವಿಜಯಪುರಕ್ಕೆ ಹೋದರೆ ಬಯಲಿನಲ್ಲಿ ಕಾಣದ ಫಿರಂಗಿ ಅಲ್ಲಿ ಸಿಗುತ್ತದೆ.

ಹಂತ 7: ಸಂಗ್ರಹಾಲಯದಲ್ಲಿ ವಸ್ತುವನ್ನು ಓದುವುದು

ಗಾಜಿನ ಪೆಟ್ಟಿಗೆಗಳ ಮುಂದೆ ಸಾಲಾಗಿ ಹಾದುಹೋಗುವುದು ದಣಿವಿಗೆ ದಾರಿ. ಒಂದು ಸಂಗ್ರಹಾಲಯದಲ್ಲಿ ಐದು ವಸ್ತು ಆರಿಸಿ, ಪ್ರತಿಯೊಂದರ ಮುಂದೆ ಐದು ನಿಮಿಷ ನಿಲ್ಲಿ. ಹೇಗೆ ಓದಬೇಕೆಂಬುದಕ್ಕೆ ಕೆಲವು ಉದಾಹರಣೆಗಳು.

*ಫಿರಂಗಿ.* ಮೊದಲು ಹಿಂಬದಿಗೆ ಹೋಗಿ, ಮದ್ದಿಗೆ ಕಿಡಿ ಮುಟ್ಟಿಸುವ ಸಣ್ಣ ತೂತನ್ನು ಹುಡುಕಿ. ಅದರಲ್ಲಿ ಮೊಳೆ ಜಡಿದಿದ್ದರೆ ಆ ಫಿರಂಗಿಯನ್ನು ಬೇಕೆಂದೇ ಕೆಡಿಸಿದ್ದಾರೆ ಎಂದು ಅರ್ಥ, ಬಹುಪಾಲು ಶತ್ರುವಿನ ಕೈಸೇರುವ ಮುನ್ನ. ಆಮೇಲೆ ಬಾಯಿಯ ಅಗಲ ಅಳೆಯಿರಿ. ನಂತರ ಬರಹ. ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕಹೊಯ್ದದ್ದು, ಸುಮಾರು 55 ಟನ್ ತೂಕದ್ದು. ಎರಕ ಹೊಯ್ದವನ ಹೆಸರೂ ಅದರ ಮೇಲಿದೆ, ವಿಜಯಪುರ ಗೆದ್ದ ಔರಂಗಜೇಬನ ಬರಹವೂ ಅದರ ಮೇಲಿದೆ. ಒಂದೇ ಲೋಹದ ಮೇಲೆ ಒಡೆಯರು ಬದಲಾದ ದಾಖಲೆ ಸಿಗುತ್ತದೆ.

*ರಾಕೆಟ್.* ಹೊಸನಗರ ತಾಲ್ಲೂಕಿನ ನಗರದ ಕೋಟೆಯ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ದೊರೆತವು. ಶಿವಮೊಗ್ಗದ ಶಿವಪ್ಪನಾಯಕ ಅರಮನೆ ಸಂಗ್ರಹಾಲಯಕ್ಕೆ ಹೋಗಿ ಇವನ್ನು ತುಕ್ಕು ಹಿಡಿದ ಕೊಳವೆ ತುಂಡುಗಳೆಂದು ದಾಟಿಬಿಡುವವರೇ ಹೆಚ್ಚು. ಕೊಳವೆ ಮಾತ್ರ ಉಳಿದಿದೆ, ಅದಕ್ಕೆ ಕಟ್ಟುತ್ತಿದ್ದ ಉದ್ದನೆಯ ಬಿದಿರು ಉಳಿದಿಲ್ಲ. ಬಿದಿರನ್ನು ಮನಸ್ಸಿನಲ್ಲಿ ಜೋಡಿಸಿಕೊಂಡರೆ ಮಾತ್ರ ಅದು ಆಯುಧವಾಗಿ ಕಾಣುತ್ತದೆ.

*ವೀರಗಲ್ಲು.* ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಮೇಲೆ ದೇವರ ಸನ್ನಿಧಿ. ಮೇಲಿನಿಂದ ನೋಡಿದವರಿಗೆ ಕಥೆ ಹಿಂದುಮುಂದಾಗುತ್ತದೆ. ಬೆಂಗಳೂರಿನವರು ಬೇಗೂರಿನ ನಾಗೇಶ್ವರ ದೇವಾಲಯದ ಆವರಣಕ್ಕೆ ಹೋಗಿ "ಬೆಂಗಳೂರು ಕಾಳಗ"ವನ್ನು ಹೆಸರಿಸುವ ಗಂಗರ ಕಾಲದ ಶಾಸನ ನೋಡಲಿ. ಯುದ್ಧದ ವಿವರ ತುಂಬಿದ ಬೇಗೂರಿನ ವೀರಗಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು. ಮೊದಲು ಬೇಗೂರಿನ ನೆಲ, ಆಮೇಲೆ ಆ ಕಲ್ಲು.

*ಕೋಟೆಯ ಗೋಡೆ.* ರಾಯಚೂರಿನಲ್ಲಿ ಗೋಡೆಯ ಬುಡಕ್ಕೆ ಹೋಗಿ ತಲೆ ಎತ್ತಿ ನೋಡಿ. ಬುಡದಲ್ಲಿ ಕಲ್ಲು ಕೀಳುತ್ತಿರುವವನನ್ನು ಹೊಡೆಯಲು ಮೇಲಿನವನು ಹೊರಗೆ ಬಾಗಲೇಬೇಕು. 1520ರಲ್ಲಿ ಕೃಷ್ಣದೇವರಾಯನ ಕಡೆಗಿದ್ದ ಪೋರ್ಚುಗೀಸ್ ಬಂದೂಕುಗಾರರು ಹಾಗೆ ಬಾಗಿದವರನ್ನೇ ಗುರಿಯಿಟ್ಟರು. ಅದೇ ಕೋಟೆಯಲ್ಲಿ 41 ಅಡಿ ಉದ್ದದ ಕಲ್ಲಿನ ಮೇಲೆ 1294ರ ಶಾಸನವಿದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ, ಹುಡುಕದೆ ಬರಬೇಡಿ.

*ವಿಮಾನ, ನೌಕೆ, ಮನೆ.* ಬೆಂಗಳೂರಿನ ಎಚ್‌ಎಎಲ್ ಪರಂಪರೆ ಕೇಂದ್ರದಲ್ಲಿ ಎಚ್‌ಎಫ್-24 ಮಾರುತ್ ಮುಂದೆ ಹೆಚ್ಚು ಹೊತ್ತು ಕಳೆಯಿರಿ. ಇದೇ ಊರಿನಲ್ಲಿ ತಯಾರಾಗಿ 1971ರ ಯುದ್ಧದಲ್ಲಿ ಹಾರಿದ ವಿಮಾನ ಅದು. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಂತಿರುವ ಯುದ್ಧನೌಕೆ ಐಎನ್‌ಎಸ್ ಚಪಲ್ ಒಳಗೆ ಏಣಿಗಳು ಕಡಿದು, ಬಾಗಿಲುಗಳು ಕುಳ್ಳು. ಮಂಡಿನೋವಿರುವ ಹಿರಿಯರನ್ನು ಕೆಳಗಿಳಿಸಬೇಡಿ, ಮಳೆಗಾಲದಲ್ಲಿ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಬೆಳೆದ ಸನ್ನಿ ಸೈಡ್ ಮನೆ 2021ರಿಂದ ಸಂಗ್ರಹಾಲಯ. ಅಲ್ಲಿ ಅಂಗಳದ ಯುದ್ಧಸಾಮಗ್ರಿಗೇ ಮಕ್ಕಳು ಅಂಟಿಕೊಳ್ಳುತ್ತಾರೆ. ಮೊದಲು ಮನೆಯೊಳಗೆ ಕರೆದೊಯ್ದು, 1948ರ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಕಥೆ ಹೇಳಿ, ಆಮೇಲೆ ಹೊರಗೆ ಬಿಡಿ.

ಹಂತ 8: ಅಪಾಯದ ಸೂಚನೆಗಳು

ಕೆಳಗಿನ ಯಾವುದನ್ನು ಕಂಡರೂ ಹಿಂದೆ ಸರಿಯಿರಿ. "ಇಷ್ಟು ದೂರ ಬಂದಿದ್ದೇವೆ" ಎಂಬ ಮಾತಿಗೆ ಸೋಲಬೇಡಿ.

- ಹೆಜ್ಜೇನು. ಕೋಟೆಯ ಕಮಾನು, ಬಂಡೆ, ದೊಡ್ಡ ಮರಗಳಲ್ಲಿ ಗೂಡುಗಳಿರುತ್ತವೆ. ಕೆಳಗೆ ಹೊಗೆ ಬೇಡ, ಪಟಾಕಿ ಬೇಡ, ಕಲ್ಲೆಸೆತ ಬೇಡ, ಬಲವಾದ ಸುಗಂಧವೂ ಬೇಡ. ಹುಳುಗಳು ಎದ್ದರೆ ಓಡಿ ಮುಚ್ಚಿದ ಜಾಗ ಸೇರಿಕೊಳ್ಳಿ. ನೀರಿಗೆ ಹಾರಬೇಡಿ.
- ನದಿ. ಕಾವೇರಿಯ ಬಂಡೆಗಳ ನಡುವೆ ಮೇಲೆ ಶಾಂತವಾಗಿ ಕಾಣುವ ನೀರಿನಲ್ಲಿ ಸುಳಿಯಿರುತ್ತದೆ. ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಏರುವುದು ತಿಳಿಯುವುದೇ ಇಲ್ಲ. ದಾಳಿಯ ದಾರಿಯನ್ನು ಕಣ್ಣಿನಿಂದ ಹಾಯಿರಿ, ಕಾಲಿನಿಂದ ಬೇಡ. ಅದನ್ನು ಮೂರು ಸಲ ಬೇಕಾದರೂ ಹೇಳುತ್ತೇನೆ.
- ಗೋಡೆ. ಹೊಸದಾಗಿ ಉದುರಿದ ಸುಣ್ಣದ ಪುಡಿ, ಕಲ್ಲುಗಳ ನಡುವೆ ಬೇರು, ಪಾಚಿ ಹಿಡಿದ ಮೆಟ್ಟಿಲು. ಮೂರರಲ್ಲಿ ಒಂದು ಕಂಡರೂ ಹತ್ತಬೇಡಿ. ಚಿತ್ರದುರ್ಗದ ಬಂಡೆಗಳಲ್ಲಿ ಸ್ಥಳೀಯರು ಏರುವ ದಾರಿ ನಿಮ್ಮ ದಾರಿಯಲ್ಲ.
- ಬಿಸಿಲು. ತಲೆನೋವು, ಬೆವರು ನಿಲ್ಲುವುದು, ಮಾತು ತೊದಲುವುದು. ಬೆವರು ನಿಂತು ಮಾತು ತಪ್ಪಿದರೆ ಅದು ಆಸ್ಪತ್ರೆಯ ಪ್ರಕರಣ. ಕಾಯಬೇಡಿ.
- ಸುರಂಗದ ಕಥೆ. ಇಲ್ಲಿಂದ ಪಕ್ಕದ ಊರಿಗೆ ಗುಪ್ತ ಸುರಂಗವಿದೆ ಎಂದು ಶುರುಮಾಡುವ ಮಾರ್ಗದರ್ಶಿಯನ್ನು ಅಲ್ಲಿಗೇ ವಂದಿಸಿ ಕಳಿಸಿ. ಇಲಾಖೆಯ ಗುರುತಿನ ಚೀಟಿ ಕೇಳುವುದರಲ್ಲಿ ಸಂಕೋಚ ಬೇಡ. "ಇದು ನನಗೆ ಗೊತ್ತಿಲ್ಲ" ಎಂದು ಒಮ್ಮೆಯಾದರೂ ಹೇಳುವ ಮಾರ್ಗದರ್ಶಿ ಸಿಕ್ಕರೆ ಅವರನ್ನು ಬಿಡಬೇಡಿ.

ಕಾನೂನಿನ ಮಾತೂ ಇದೆ. ಮಳೆ ನಿಂತ ಮೇಲೆ ಕೋಟೆಯ ಸುತ್ತ ಗುಂಡು, ನಾಣ್ಯ, ಲೋಹದ ಚೂರು ಮೇಲೆ ಬರುವುದುಂಟು. ಎತ್ತಿ ಜೇಬಿಗೆ ಹಾಕಬೇಡಿ. ವಸ್ತು ಬಿದ್ದಿದ್ದ ಜಾಗವೇ ಅದರ ಅರ್ಧ ಸಾಕ್ಷಿ. ಇದ್ದಲ್ಲೇ ಫೋಟೋ ತೆಗೆದು ಇಲಾಖೆಯವರಿಗೆ ತಿಳಿಸಿ. ಲೋಹಶೋಧಕ ಒಯ್ಯಬೇಡಿ, ಅನುಮತಿಯಿಲ್ಲದೆ ಡ್ರೋನ್ ಹಾರಿಸಬೇಡಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಗೋಡೆಯ ಮೇಲೆ ಹೆಸರು ಕೆತ್ತುವುದೂ ಹಾನಿಯೇ. ಸೈನ್ಯದ ಆವರಣದಲ್ಲಿ ಕಾವಲಿನವರು ಕ್ಯಾಮೆರಾ ಬೇಡವೆಂದರೆ ಅಲ್ಲಿ ಚರ್ಚೆಯಿಲ್ಲ.

ಹಂತ 9: ದಾರಿಗಳನ್ನು ಜೋಡಿಸುವುದು

ರಾಜ್ಯ ದೊಡ್ಡದು. ಕಾರವಾರದಿಂದ ರಾಯಚೂರಿಗೆ ಒಂದೇ ಪ್ರವಾಸದಲ್ಲಿ ಹೋಗಬೇಡಿ. ನಾನು ಮೂರು ದಾರಿಗಳಾಗಿ ಒಡೆಯುತ್ತೇನೆ.

ದಕ್ಷಿಣದ ದಾರಿ: ಬೆಂಗಳೂರಿನಲ್ಲಿ ಬೇಗೂರು ಮತ್ತು ಎಚ್‌ಎಎಲ್ ಒಂದು ದಿನ, ಶ್ರೀರಂಗಪಟ್ಟಣ ಒಂದು ದಿನ, ಮಡಿಕೇರಿ ಒಂದು ದಿನ. ಸಮಯವಿದ್ದರೆ ಬೆಂಗಳೂರಿನಲ್ಲಿ ಕೃಷ್ಣರಾಜ ಮಾರುಕಟ್ಟೆಯ ಬಳಿ ಉಳಿದಿರುವ ಕೋಟೆಯ ತುಣುಕನ್ನೂ, 1791ರ ಮಾರ್ಚ್ 21ರ ದಾಳಿಯನ್ನು ನೆನಪಿಸುವ ಕಲ್ಲುಫಲಕವನ್ನೂ ಬೆಳಗ್ಗೆ ಬೇಗ, ಮಾರುಕಟ್ಟೆ ತುಂಬುವ ಮುನ್ನ ನೋಡಿ.

ಉತ್ತರದ ದಾರಿ: ರಾಯಚೂರು, ಮುದಗಲ್ಲು, ತಂಗಡಗಿ, ವಿಜಯಪುರ. ನಾಲ್ಕು ದಿನ ಬೇಕು. ವಿಜಯಪುರ ಶುಕ್ರವಾರ ಬೀಳದಂತೆ ಸೋಮವಾರವೋ ಬುಧವಾರವೋ ಹೊರಡಿ, ಇಲ್ಲವೇ ಕ್ರಮವನ್ನು ತಿರುಗಿಸಿ.

ಪಶ್ಚಿಮದ ದಾರಿ: ಕಿತ್ತೂರು, ಬೈಲಹೊಂಗಲದ ಚೆನ್ನಮ್ಮನ ಸಮಾಧಿ, ಸಂಗೊಳ್ಳಿ, ನಂದಗಡ, ಅಲ್ಲಿಂದ ಘಟ್ಟ ಇಳಿದು ಕಾರವಾರ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತುಬಿದ್ದ ಕಿತ್ತೂರಿನಿಂದ ಶುರುಮಾಡಿ, 1831ರಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡಕ್ಕೆ ಬರುವುದು ಸರಿಯಾದ ಕ್ರಮ. ಉಲ್ಟಾ ಹೋದರೆ ನಂದಗಡದ ಆಲದ ಮರದ ಕೆಳಗೆ ನಿಂತಾಗ ಏನು ಕಳೆದುಹೋಯಿತೆಂಬುದು ಮನಸ್ಸಿಗೆ ನಾಟುವುದಿಲ್ಲ.

ಹಂತ 10: ಅದೇ ರಾತ್ರಿ ಮಾಡಬೇಕಾದ ಕೆಲಸ

ಮಲಗುವ ಮುನ್ನ, ಮೊಬೈಲ್ ನೋಡದೆ, ಆ ದಿನ ನಡೆದ ರಣಭೂಮಿಯ ನಕ್ಷೆಯನ್ನು ನೆನಪಿನಿಂದ ಒಂದು ಹಾಳೆಯ ಮೇಲೆ ಬರೆಯಿರಿ. ನದಿ, ಗೋಡೆ, ಬಾಗಿಲು, ದಾಳಿಯ ಬಾಣ. ಗುಂಪಿನಲ್ಲಿ ಬಂದಿದ್ದರೆ ಪ್ರತಿಯೊಬ್ಬರೂ ಬರೆದು, ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಯಾರ ನಕ್ಷೆಯಲ್ಲಿ ಯಾವ ಮೂಲೆ ಖಾಲಿಯಿದೆಯೋ ಆ ಮೂಲೆಯನ್ನು ಅವರು ನೋಡಿಲ್ಲ. ಮರುದಿನ ಊರು ಬಿಡುವ ಮುನ್ನ ಒಂದು ಗಂಟೆ ಉಳಿಸಿಕೊಂಡು, ಆ ಖಾಲಿ ಮೂಲೆಗೆ ಮಾತ್ರ ಹೋಗಿ ಬನ್ನಿ.